ಗೊರವ, ಗುರವ, ಗುಡ್ಡ

ಮಲಾಡಿನ ಯಾವುದೇ ಹಳೆಯ ಹೌಸಿಂಗ್ ಸೊಸೈಟಿಯ ಲಿಫ್ಟಿನ ಪಕ್ಕದಲ್ಲಿ ತೂಗುಹಾಕಿರುವ ನಾಮಫಲಕವನ್ನು ಓದುತ್ತ ನಿಂತರೆ ಅರ್ಧ ಭಾರತದ ದೇವಸ್ಥಾನಗಳ ಚರಿತ್ರೆ ಅಲ್ಲಿ ಸಿಗುತ್ತದೆ. ಪೂಜಾರಿ, ದೇವಾಡಿಗ, ಗುರವ, ಗೋಸಾವಿ, ಭಟ್. ಈ ಮನೆಗಳವರು ಈಗ ಬ್ಯಾಂಕಿಗೆ ಹೋಗುತ್ತಾರೆ, ಹೋಟೆಲು ನಡೆಸುತ್ತಾರೆ, ಮೈಂಡ್‌ಸ್ಪೇಸಿನ ಗಾಜಿನ ಕಟ್ಟಡಗಳಲ್ಲಿ ರಾತ್ರಿಪಾಳಿ ಮಾಡುತ್ತಾರೆ. ಆದರೆ ಅವರ ಹೆಸರಿನ ಕೊನೆಯಲ್ಲಿ ಕುಳಿತಿರುವ ಶಬ್ದ ಯಾವುದೋ ಕಾಲದಲ್ಲಿ ಯಾವುದೋ ದೇವರ ಬಾಗಿಲಲ್ಲಿ ಅವರ ಹಿರಿಯರು ಎಲ್ಲಿ ನಿಂತಿದ್ದರು ಎಂಬುದನ್ನು ಹೇಳುತ್ತಲೇ ಇರುತ್ತದೆ. ಒಳಗೋ, ಹೊಸಿಲ ಮೇಲೋ, ಅಂಗಳದಲ್ಲೋ, ಬೀದಿಯಲ್ಲೋ.

ಈ ಐದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗುರವ. ಕಾರಣ ಸರಳ: ಅದು ಕನ್ನಡದಲ್ಲೂ ಇದೆ, ಆದರೆ ಬೇರೆ ಅರ್ಥದಲ್ಲಿ.

ಮರಾಠಿಯಲ್ಲಿ ಗುರವ ಎಂದರೆ ಗುಡಿಯವನು. ಹೆಚ್ಚಾಗಿ ಶಿವನ ಗುಡಿ. ಕೊಂಕಣದಲ್ಲಾದರೆ ಗ್ರಾಮದೇವತೆಯ ಗುಡಿ. ಬೆಳಿಗ್ಗೆ ಗುಡಿ ತೊಳೆದು, ದೇವರಿಗೆ ನೀರೆರೆದು, ಪೂಜೆ ಮಾಡಿ, ನೈವೇದ್ಯದಲ್ಲಿ ಪಾಲು ಪಡೆಯುವವನು. ಶಂಖ ಊದುವವನು. ಎಷ್ಟೋ ಊರುಗಳಲ್ಲಿ ಪಖವಾಜು, ಸನಾದಿ ನುಡಿಸುವವನೂ ಅವನೇ. ಮನೆಮನೆಗೆ ಬಿಲ್ವಪತ್ರೆ ತಲುಪಿಸುವುದು, ಊಟದ ಎಲೆ ಹಚ್ಚಿಕೊಡುವುದು ಅವನ ಕೆಲಸದೊಳಗೇ ಬರುತ್ತಿತ್ತು. ಸುಗ್ಗಿಯಲ್ಲಿ ಬಡಗಿ, ಕಮ್ಮಾರ, ಕುಂಬಾರರ ಹಾಗೆ ರೈತರ ಕಣದಿಂದ ಅವನಿಗೂ ಧಾನ್ಯದ ಪಾಲು ಸಿಗುತ್ತಿತ್ತು. ಮಹಾರಾಷ್ಟ್ರದ ‘ಬಾರಾ ಬಲುತೇದಾರ’ರ ಹಲವು ಪಟ್ಟಿಗಳಲ್ಲಿ ಗುರವನ ಹೆಸರಿದೆ. ಇಂದು ಆ ಸಮುದಾಯ ಮಹಾರಾಷ್ಟ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆ.

ಕನ್ನಡದಲ್ಲಿ ಗೊರವ ಎಂದ ಕೂಡಲೇ ನಿಮ್ಮ ಕಣ್ಣಿಗೆ ಬರುವ ಚಿತ್ರ ಇದಲ್ಲ. ಕರಿ ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಬಾಯಲ್ಲಿ ಪಿಳ್ಳಂಗೋವಿ, ಹೆಗಲಲ್ಲಿ ಭಂಡಾರದ ಚೀಲ, ಕೊರಳಲ್ಲಿ ಕವಡೆಸರ. ಮೈಲಾರಲಿಂಗನ ಒಕ್ಕಲು. ಹೆಚ್ಚಿನವರು ಕುರುಬ ಸಮುದಾಯದವರು. ಕುಣಿಯುತ್ತಾರೆ, ಭಿಕ್ಷೆ ಬೇಡುತ್ತಾರೆ, ದೇವರ ನಾಯಿಗಳಾಗಿ ಬೊಗಳುತ್ತಾರೆ, ದೋಣಿಯಲ್ಲಿ ಕಲಸಿದ ಹಾಲುಹಣ್ಣಿಗೆ ಬಾಯಿಟ್ಟು ತಿನ್ನುತ್ತಾರೆ.

ಒಬ್ಬ ಗರ್ಭಗುಡಿಯೊಳಗಿನವನು, ಇನ್ನೊಬ್ಬ ಬೀದಿಯವನು. ಶಬ್ದ ಮಾತ್ರ ಒಂದೇ. ಅದು ಹೇಗೆ ಒಂದೇ ಎನ್ನುವುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಮುಖ ಕನ್ನಡಕ್ಕೆ ಬಂದು ಮೊಗವಾಯಿತು, ಸುಖ ಸೊಗವಾಯಿತು. ಮುಂದಿನ ಅಕ್ಷರದಲ್ಲಿ ಅಕಾರವಿದ್ದರೆ ಹಿಂದಿನ ಉಕಾರ ಒಕಾರವಾಗುವುದು ದಕ್ಷಿಣದ ನುಡಿಗಳ ಹಳೆಯ ಚಾಳಿ. ಅದೇ ದಾರಿಯಲ್ಲಿ ಗುರವ ಗೊರವನಾದ. ಮರಾಠಿಗೆ ಆ ಚಾಳಿ ಇಲ್ಲ. ಅಲ್ಲಿ ಗುರವ ಗುರವನಾಗಿಯೇ ಉಳಿದ.

ಹಾಗಾದರೆ ಗುರವ ಎಲ್ಲಿಂದ? ಗುರುವಿನಿಂದಲೇ. ಸಂಸ್ಕೃತದಲ್ಲಿ ಗುರು ಏಕವಚನ, ಗುರವಃ ಬಹುವಚನ. ಹಿರಿಯರನ್ನು ಬಹುವಚನದಲ್ಲಿ ಕರೆಯುವುದು ನಮ್ಮಲ್ಲಿ ಮರ್ಯಾದೆಯ ರೀತಿ. ಆ ಮರ್ಯಾದೆಯ ಬಹುವಚನವೇ ಗಟ್ಟಿಯಾಗಿ ಒಂದು ಹೊಸ ಹೆಸರಾಗಿ ನಿಂತಿದೆ. ಇದಕ್ಕೆ ಪಕ್ಕದಲ್ಲೇ ಒಂದು ಚಂದದ ಜೋಡಿ ಇದೆ: ತಮಿಳುನಾಡಿನ ಶಿವಾಲಯಗಳ ಅರ್ಚಕರನ್ನು ಗುರುಕ್ಕಳ್ ಎನ್ನುತ್ತಾರೆ. ಅಲ್ಲೂ ಅದೇ ಗುರು, ಅದೇ ಬಹುವಚನ. ಪ್ರತ್ಯಯ ಮಾತ್ರ ತಮಿಳಿನದು. ಕೇರಳಕ್ಕೆ ಹೋದರೆ ಗುರುಕ್ಕಳ್ ಕಳರಿಯಲ್ಲಿ ಕತ್ತಿ ಹಿಡಿದು ನಿಂತಿರುತ್ತಾರೆ. ಗುರುವನ್ನು ಬಹುವಚನದಲ್ಲಿ ಕರೆದು ಅವರಿಗೆ ಒಂದು ಉದ್ಯೋಗ ಹಚ್ಚಿಬಿಡುವುದು ಇಡೀ ದಕ್ಷಿಣದ ಕೆಲಸ ಎಂದು ಕಾಣುತ್ತದೆ.

ಇಲ್ಲಿಯವರೆಗಿನದು ಶಬ್ದಕೋಶದ ಮಾತು. ನನಗೆ ಬೇಕಾದದ್ದು ಬೇರೆ. ಗುರು ಎಂದರೆ ಯಾರ ಕಾಲಿಗೆ ನಾವು ಬೀಳುತ್ತೇವೋ ಅವನು. ಗುರವ ಇಲ್ಲವೆ ಗೊರವ ಎಂದರೆ ದೇವರ ಕಾಲ ಬಳಿ ಬಿದ್ದಿರುವವನು. ಸೇವೆ ಮಾಡಿಸಿಕೊಳ್ಳುವವನ ಹೆಸರು ಸೇವೆ ಮಾಡುವವನ ಹೆಸರಾಗಿ ಬದಲಾದದ್ದು ಯಾವಾಗ, ಹೇಗೆ?

ಮೊದಲು ಎತ್ತರದಿಂದ ಶುರುಮಾಡೋಣ. ಕನ್ನಡದ ಹಳೆಯ ಶಾಸನಗಳಲ್ಲಿ ಗೊರವ ಎಂದರೆ ಶೈವ ಯತಿ. ಅವನ ಕೈಗೆ ದತ್ತಿ ಬರುತ್ತದೆ, ಗುಡಿ ಬರುತ್ತದೆ, ಗುಡಿಗೆ ಸೇರಿದ ಹೊಲ ತೋಟ ಬರುತ್ತವೆ. ಕುಣಿಯುವ, ಬೊಗಳುವ ಮಾತು ಎಲ್ಲೂ ಇಲ್ಲ. ಅವನ ಲೋಕ ಎಂಥದಿತ್ತು ಎಂದು ತಿಳಿಯಬೇಕಾದರೆ ಬಳ್ಳಿಗಾವೆಯ ಕೋಡಿಯಮಠಕ್ಕೆ ಹೋಗಬೇಕು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡಿದ್ದ ಕಾಳಾಮುಖ ಶೈವರ ಈ ಮಠದ ಬಗ್ಗೆ 1162ರ ಒಂದು ಶಾಸನವಿದೆ, ಕಳಚುರಿ ಬಿಜ್ಜಳನ ಕಾಲದ್ದು. ಅಲ್ಲಿ ನೈಷ್ಠಿಕ ಬ್ರಹ್ಮಚಾರಿಗಳಾದ ಶೈವ ಮುನಿಗಳಿದ್ದರು. ನಾಲ್ಕು ವೇದಗಳ ಓದು ನಡೆಯುತ್ತಿತ್ತು. ಪಾಣಿನಿಯದಷ್ಟೇ ಅಲ್ಲದೆ ಶಾಕಟಾಯನ ಮೊದಲಾದವರ ವ್ಯಾಕರಣಗಳ ಪಾಠವೂ ಇತ್ತು. ಬಡವರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧವಿತ್ತು. ಬೇರೆ ಮತದ ಸನ್ಯಾಸಿಗಳಿಗೆ, ಜೈನ ಕ್ಷಪಣರಿಗೆ ಕೂಡ ಅಲ್ಲಿ ಊಟವಿತ್ತು. ಒಂದೇ ಸೂರಿನಡಿ ವಿಶ್ವವಿದ್ಯಾಲಯ, ಆಸ್ಪತ್ರೆ, ಛತ್ರ. ಶಾಸನದ ಉತ್ಪ್ರೇಕ್ಷೆಯನ್ನು ಕಳೆದರೂ ಉಳಿಯುವುದು ಕಡಿಮೆಯೇನಲ್ಲ.

ಇಂಥ ಲೋಕದಲ್ಲಿ ಗುರು ಎಂಬ ಪದ ಹುಟ್ಟಿನಿಂದ ಬರುವುದಲ್ಲ. ದೀಕ್ಷೆಯಿಂದ ಬರುತ್ತದೆ. ಮದುವೆಯಿಲ್ಲ, ಮಕ್ಕಳಿಲ್ಲ, ಗುರುವಿನ ನಂತರ ಶಿಷ್ಯ, ಶಿಷ್ಯನ ನಂತರ ಅವನ ಶಿಷ್ಯ. ಶಾಸನಗಳು ಈ ಶಿಷ್ಯಪರಂಪರೆಯನ್ನು ರಾಜರ ವಂಶಾವಳಿಯಷ್ಟೇ ಶ್ರದ್ಧೆಯಿಂದ ಎಣಿಸುತ್ತವೆ.

ಎಲ್ಲ ಗೊರವರೂ ಮಠದಲ್ಲಿ ಕೂತಿರಲಿಲ್ಲ ಎಂಬುದು ನಿಜ. ಅದಕ್ಕೆ ಅಕ್ಕಮಹಾದೇವಿಗಿಂತ ದೊಡ್ಡ ಸಾಕ್ಷಿ ಬೇಡ. ಕನಸು ಕಂಡೆನೆಂದು ಅಕ್ಕನಿಗೆ ಹೇಳುವ ಆ ವಚನ ನಿಮಗೆ ನೆನಪಿರಬಹುದು. ಪುಟ್ಟ ಜಡೆಗಳ, ಬೆಳ್ಳನೆಯ ಹಲ್ಲುಗಳ ಒಬ್ಬ ಗೊರವ ಭಿಕ್ಷೆಗೆ ಬರುತ್ತಾನೆ. ಮೀರಿ ಹೊರಟವನ ಬೆನ್ನು ಹತ್ತಿ ಅವಳು ಕೈ ಹಿಡಿಯುತ್ತಾಳೆ. ನೋಡಿದರೆ ಅವನು ಚೆನ್ನಮಲ್ಲಿಕಾರ್ಜುನ. ಹನ್ನೆರಡನೆಯ ಶತಮಾನದಲ್ಲಿ ಗೊರವ ಮನೆಬಾಗಿಲಿಗೆ ಬರುವವನೂ ಹೌದು ಎಂಬುದು ಇಲ್ಲಿ ಗೊತ್ತಾಗುತ್ತದೆ. ಆದರೆ ನೋಡಿ, ಅವನು ಬೇಡುವವನಾದರೂ ದೇವರ ಆಳಲ್ಲ. ಅವನೇ ದೇವರು. ಎ.ಕೆ. ರಾಮಾನುಜನ್ ತಮ್ಮ 1973ರ ಅನುವಾದದಲ್ಲಿ ಇಲ್ಲಿ ‘ಅಸೆಟಿಕ್’ ಎಂದು ಬರೆದರು. ಅದು ಸರಿಯಾದ ಆಯ್ಕೆಯೇ. ಆದರೆ ಆ ಶಬ್ದದಲ್ಲಿ ತಪಸ್ಸಿದೆ, ಬಾಗಿಲು ಬಡಿಯುವ ಸದ್ದಿಲ್ಲ.

ವಿರೋಧಿಗಳ ಕಣ್ಣಿಗೆ ಈ ಯತಿಗಳು ಅಷ್ಟು ಎತ್ತರ ಕಾಣುತ್ತಿರಲಿಲ್ಲ. ಬ್ರಹ್ಮಶಿವನ ‘ಸಮಯಪರೀಕ್ಷೆ’ಯಂಥ ಜೈನ ಕೃತಿ ಪರಮತದವರ ಆಚಾರಗಳನ್ನು ಗೇಲಿ ಮಾಡುವುದನ್ನೇ ಕಸುಬಾಗಿಸಿಕೊಂಡಿತ್ತು. ಇದನ್ನು ಹೇಳುವಾಗ ಜೈನರದೇ ಇನ್ನೊಂದು ಶಬ್ದವನ್ನು ಪಕ್ಕಕ್ಕಿಟ್ಟು ನೋಡಬೇಕು. ಏಕೆಂದರೆ ಗೊರವನಿಗೆ ಏನಾಯಿತು ಎಂಬುದು ಅದರಿಂದ ಹೆಚ್ಚು ಸ್ಪಷ್ಟವಾಗುತ್ತದೆ.

ಆ ಶಬ್ದ ಗುಡ್ಡ.

ಇಂದಿನ ಕನ್ನಡಿಗನಿಗೆ ಗುಡ್ಡ ಎಂದರೆ ಬೆಟ್ಟದ ತಮ್ಮ. ಮುಂಬಯಿಯಲ್ಲಿ ಹಿಂದಿ ಕೇಳಿ ಬೆಳೆದ ಮಕ್ಕಳಿಗೆ ಗುಡ್ಡಾ ಗುಡ್ಡಿ ಎಂದರೆ ಗೊಂಬೆಗಳ ಗಂಡ ಹೆಂಡತಿ. ಶ್ರವಣಬೆಳಗೊಳದ ಶಾಸನಗಳಲ್ಲಿ ಈ ಎರಡೂ ಅಲ್ಲ. ಅಲ್ಲಿ ಗುಡ್ಡ ಎಂದರೆ ಮನೆ ಮಠ ಬಿಡದೆ, ಸಂಸಾರದಲ್ಲೇ ಇದ್ದುಕೊಂಡು, ಒಬ್ಬ ಜೈನ ಮುನಿಯನ್ನು ಗುರುವಾಗಿ ಒಪ್ಪಿಕೊಂಡ ಗೃಹಸ್ಥ. ಹೆಂಗಸಾದರೆ ಗುಡ್ಡಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಬೆಳಗೊಳದ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದವನು, ಶುಭಚಂದ್ರ ಸಿದ್ಧಾಂತದೇವರ ಗುಡ್ಡ. ಅದೇ ವಿಷ್ಣುವರ್ಧನನ ರಾಣಿ ಶಾಂತಲೆ, 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದವಳು, ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿ. ದಂಡನಾಯಕ, ರಾಣಿ ಮಾತ್ರವಲ್ಲ, ಶಾಸನದ ಸಾಲು ಬರೆದವನೂ ಕೊನೆಯಲ್ಲಿ ತಾನು ಇಂಥವರ ಗುಡ್ಡ ಎಂದು ಹೇಳಿಕೊಳ್ಳುವುದುಂಟು. ಅಧಿಕಾರವಾಗಲಿ ಸಂಪತ್ತಾಗಲಿ ಈ ಶಬ್ದಕ್ಕೆ ತಗಲುವುದಿಲ್ಲ.

ಗುಡ್ಡ ಎಂಬುದರ ವ್ಯಾಕರಣವನ್ನು ಗಮನಿಸಿ. ಯಾರೂ ಬರಿ ಗುಡ್ಡರಲ್ಲ. ‘ಇಂಥವರ’ ಗುಡ್ಡ. ಷಷ್ಠೀ ವಿಭಕ್ತಿಯಿಲ್ಲದೆ ಈ ಪದ ನಿಲ್ಲುವುದಿಲ್ಲ, ಮಗ, ಅಳಿಯ, ಹೆಂಡತಿ ಎಂಬ ಶಬ್ದಗಳ ಹಾಗೆ. ಗೊರವ ಹಾಗಲ್ಲ. ಶಾಸನದ ಗೊರವ, ಅಕ್ಕನ ಕನಸಿನ ಗೊರವ ಯಾರ ಗೊರವನೂ ಅಲ್ಲ; ಬರಿ ಗೊರವ. ಒಂದು ಶಬ್ದ ಸಂಬಂಧವನ್ನು ಹೇಳುತ್ತದೆ, ಇನ್ನೊಂದು ಸ್ಥಾನವನ್ನು.

ಈಗ ಇಂದಿನ ಮಾತಿಗೆ ಕಿವಿಗೊಡಿ. ‘ಮೈಲಾರಲಿಂಗನ ಗೊರವ.’ ‘ದೇವಾಚಾ ಗುರವ.’ ಎರಡು ಭಾಷೆಯಲ್ಲೂ ಷಷ್ಠೀ ಬಂದು ಕೂತಿದೆ. ಗೊರವ ಗುಡ್ಡನಾಗಿದ್ದಾನೆ. ಸ್ಥಾನದ ಹೆಸರು ಸಂಬಂಧದ ಹೆಸರಾಗಿದೆ. ನನ್ನ ಪ್ರಕಾರ ಎಂಟುನೂರು ವರ್ಷಗಳಲ್ಲಿ ಈ ಶಬ್ದಕ್ಕೆ ಆದ ದೊಡ್ಡ ಬದಲಾವಣೆ ಇದೇ. ಕರಡಿ ಟೊಪ್ಪಿಗೆ, ಡಮರುಗ ಎಲ್ಲ ಆಮೇಲಿನ ಮಾತು.

ಹೇಗಾಯಿತು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಾಳಾಮುಖರ ಮಠಗಳು ಹದಿಮೂರನೆಯ ಶತಮಾನದ ಆಚೆ ಕಾಣೆಯಾಗುತ್ತ ಬಂದವು. ಹಲವು ಕಡೆ ವೀರಶೈವ ಮಠಗಳು ಆ ಜಾಗದಲ್ಲಿ ನಿಂತವು. ಕಲಿಸುವ ಮಠ ಹೋದ ಮೇಲೂ ಗುಡಿ ಇತ್ತು, ದೇವರಿಗೆ ದಿನಾ ನೀರೆರೆಯಬೇಕಿತ್ತು, ಎರೆಯುವವನಿಗೆ ಹೊಲವಿತ್ತು. ಹೊಲ ಇದ್ದಲ್ಲಿ ಮಗ ಬರುತ್ತಾನೆ. ದೀಕ್ಷೆಯಿಂದ ಬರುತ್ತಿದ್ದ ಪದವಿ ಹುಟ್ಟಿನಿಂದ ಬರತೊಡಗಿತು, ವೃತ್ತಿ ವತನವಾಯಿತು, ವತನ ಜಾತಿಯಾಯಿತು. ಊರು ಕಣದಲ್ಲಿ ಅಳೆದು ಕೊಡುವ ಜೋಳದ ಮೇಲೆ ಬದುಕುವವನು ಊರಿನ ಗುರುವಾಗಿ ಉಳಿಯುವುದು ಕಷ್ಟ. ಜೋಳ ಅಳೆಯುವವನ ಕೈ ಮೇಲಿರುತ್ತದೆ.

ಶಬ್ದಗಳು ಹೀಗೆ ಇಳಿಯುವುದು ಹೊಸದೇನಲ್ಲ. ಅಶೋಕನ ಶಾಸನಗಳಲ್ಲಿ ಪಾಷಂಡ ಎಂದರೆ ಯಾವುದೇ ಮತಪಂಥ, ಅದರಲ್ಲಿ ಬೈಗುಳವಿರಲಿಲ್ಲ. ಯೋಗಿ ಜೋಗಿಯಾಗಿ ಕಿನ್ನರಿ ಹಿಡಿದು ಬೀದಿಗೆ ಬಂದ. ಅಶೋಕನ ಬಿರುದಾದ ದೇವಾನಾಂಪ್ರಿಯ ಸಂಸ್ಕೃತ ಪಂಡಿತರ ಬಾಯಲ್ಲಿ ಮೂರ್ಖನ ಹೆಸರಾಯಿತು. ಗೊರವ ಅಷ್ಟೇನೂ ಕೆಟ್ಟಿಲ್ಲ.

ಕೆಟ್ಟಿಲ್ಲ ಎನ್ನುವುದಕ್ಕೆ ಮೈಲಾರಕ್ಕೆ ಹೋಗಬೇಕು. ಹೂವಿನ ಹಡಗಲಿ ತಾಲೂಕಿನ ಈ ಊರು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರಣಿಕ ನಡೆಯುತ್ತದೆ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ನಿಲ್ಲುತ್ತಾನೆ. ‘ಸದ್ದಲೇ’ ಎನ್ನುತ್ತಾನೆ. ಅಷ್ಟು ದೊಡ್ಡ ಜನಸಾಗರ ಆ ಒಂದು ಶಬ್ದಕ್ಕೆ ಬಾಯಿ ಮುಚ್ಚುತ್ತದೆ. ಆಮೇಲೆ ಒಂದೇ ಒಂದು ಸಾಲು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿನವರು ಹಿಡಿಯುತ್ತಾರೆ. ಆ ಸಾಲಿನ ಅರ್ಥ ಮಳೆಯೋ ಬೆಳೆಯೋ ಸರಕಾರವೋ ಎಂದು ಮರುದಿನದ ಪತ್ರಿಕೆಗಳು ಜಗಳವಾಡುತ್ತವೆ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಇದೇ ಬಗೆಯ ಕಾರಣಿಕ ನವರಾತ್ರಿಯ ಹೊತ್ತಿಗೆ ನಡೆಯುತ್ತದೆ. (ಆ ಗುಡ್ಡ ಬೆಟ್ಟದ ಗುಡ್ಡವೇ, ಜೈನರದಲ್ಲ.) ವರ್ಷವಿಡೀ ದೇವರ ನಾಯಿಯಾಗಿದ್ದವನು ಆ ಒಂದು ಗಳಿಗೆ ಸಾವಿರಾರು ಜನರಿಗೆ ಮಾತು ಕೊಡುವವನಾಗುತ್ತಾನೆ. ಶಬ್ದದ ಹಳೆಯ ಅರ್ಥ ಎಲ್ಲೋ ಒಳಗೆ ಸತ್ತಿಲ್ಲ ಎಂದು ನನಗೆ ಅನಿಸುವುದು ಅಲ್ಲಿ.

ಕೊಂಕಣದ ಗುರವನಿಗೂ ಇಂಥದೊಂದು ಗಳಿಗೆ ಇದೆ. ಊರಿಗೆ ಏನಾದರೂ ನಿರ್ಧಾರ ಬೇಕಾದಾಗ, ಬಿತ್ತನೆ ಯಾವಾಗ, ಹಬ್ಬ ಹೇಗೆ, ಒಬ್ಬರ ಮನೆಯ ಕಷ್ಟಕ್ಕೆ ಕಾರಣವೇನು ಎಂದು ಕೇಳಬೇಕಾದಾಗ, ಅವನು ದೇವರಿಗೆ ಕೌಲು ಹಚ್ಚುತ್ತಾನೆ. ಮೂರ್ತಿಯ ಮೈಮೇಲೆ ಹೂವಿನ ಎಸಳೋ ಎಲೆಯೋ ಅಂಟಿಸಿ ಪ್ರಶ್ನೆ ಕೇಳುವುದು; ಬಲಗಡೆಯದು ಬಿದ್ದರೆ ಹೌದು, ಎಡಗಡೆಯದಾದರೆ ಇಲ್ಲ. ಸಿಂಧುದುರ್ಗದ ಕಡೆ ಅವನು ‘ಗಾರ್‍ಹಾಣೆ’ ಹೇಳುತ್ತಾನೆ. ಊರಿನವರ ಪರವಾಗಿ ದೇವರ ಮುಂದೆ ಮಾಡುವ ಅಹವಾಲು ಅದು. ಬಹಳ ಉದ್ದ, ಬಹಳ ವಿವರ. ಪ್ರತಿ ತುಂಡಿಗೂ ಸೇರಿದವರು ‘ಹೋಯ್ ಮ್ಹಾರಾಜಾ’ ಎಂದು ದನಿಗೂಡಿಸುತ್ತಾರೆ. ಮುಂಬಯಿಗೆ ದುಡಿಯಲು ಹೋದ ಮಕ್ಕಳ ಯೋಗಕ್ಷೇಮ ಈ ಗಾರ್‍ಹಾಣೆಗಳಲ್ಲಿ ತಪ್ಪದೆ ಬರುತ್ತದೆ. ಮಲಾಡಿನ ಕುರಾರ್ ಗಾಂವ್‌ನಂಥ ಕಡೆ ತುಂಬಿರುವ ಕೊಂಕಣದ ಜನ ಗಣಪತಿಗೂ ಶಿಮಗಾಕ್ಕೂ ರೈಲು ಬಸ್ಸು ತುಂಬಿಕೊಂಡು ಊರಿಗೆ ಓಡುವುದು ಈ ಅಹವಾಲಿನಲ್ಲಿ ತಮ್ಮ ಹೆಸರು ಕೇಳಿಸಿಕೊಳ್ಳುವುದಕ್ಕೂ ಹೌದು.

ವಾರಕರಿ ಸಂಪ್ರದಾಯದಲ್ಲೂ ಗುರವನೊಬ್ಬನ ನೆನಪು ಗಟ್ಟಿಯಾಗಿದೆ. ಸೊಲ್ಲಾಪುರ ಜಿಲ್ಲೆಯ ಅರಣದ ತೋಟಿಗ ಸಂತ ಸಾವತಾ ಮಾಳಿ ಹಾಡಿದ ಅಭಂಗಗಳನ್ನು ಬರೆದಿಟ್ಟವನು ಕಾಶಿಬಾ ಗುರವ ಎಂದು ಪರಂಪರೆ ಹೇಳುತ್ತದೆ. ತೋಟದವನ ಹಾಡು, ಗುಡಿಯವನ ಕೈಬರಹ.

ಮರಾಠಿ ಕನ್ನಡಗಳ ನಡುವಿನ ಈ ಓಡಾಟಕ್ಕೆ ಇನ್ನೂ ದೊಡ್ಡ ಸಾಕ್ಷಿ ಜೇಜುರಿಯಲ್ಲಿದೆ. ಪುಣೆಯ ಬಳಿಯ ಜೇಜುರಿಯ ಖಂಡೋಬಾ ನಮ್ಮ ಮೈಲಾರನೇ. ಅಲ್ಲಿ ಅರಿಸಿನದ ಪುಡಿ ತೂರುತ್ತ ಜನ ಕೂಗುವುದು ‘ಯೆಳಕೋಟ’. ಕೂಗುವ ಮರಾಠಿಯವರಿಗೆ ಅದು ಬರಿಯ ಜಯಘೋಷ. ನಮಗೆ ನೇರವಾಗಿ ಏಳು ಕೋಟಿ, ಮೈಲಾರನ ಏಳು ಕೋಟಿ ದಂಡು. ಬೀದರಿನ ಬಳಿಯ ಖಾನಾಪುರದ ಆದಿ ಮೈಲಾರ, ಬೆಳಗಾವಿ ಜಿಲ್ಲೆಯ ಮಂಗಸೂಳಿ ಈ ಎರಡು ನುಡಿಗಳ ಭಕ್ತರೂ ಬೆರೆಯುವ ಜಾಗಗಳು. ನಮ್ಮಲ್ಲಿ ಗೊರವನ ಜೊತೆ ವಗ್ಗಯ್ಯನಿದ್ದರೆ ಅಲ್ಲಿ ವಾಘ್ಯಾ ಇದ್ದಾನೆ, ಹುಲಿಯ ಹೆಸರಿನ ಭಕ್ತ. ಅವನ ಕೊರಳಲ್ಲೂ ಭಂಡಾರದ ಚೀಲ, ಅವನೂ ಬೊಗಳುತ್ತಾನೆ. ಅವನ ಜೊತೆಗಿದ್ದ ಮುರಳಿಯರು, ಖಂಡೋಬನಿಗೆ ಬಿಟ್ಟ ಹೆಣ್ಣುಮಕ್ಕಳು, ಬೇರೆಯೇ ದೀರ್ಘ ಕತೆ. ಬಾಂಬೆ ಪ್ರಾಂತದ 1934ರ ದೇವದಾಸಿ ರಕ್ಷಣಾ ಕಾಯ್ದೆಯಿಂದ ಹೀಗೆ ಹೆಣ್ಣು ಬಿಡುವುದು ಅಪರಾಧವಾಯಿತು. ದೇವರ ಸೇವೆ ಎಂಬ ಮಾತಿನ ಕೆಳಗೆ ಏನೇನು ಮುಚ್ಚಿಹೋಗುತ್ತದೆ ಎಂಬುದಕ್ಕೆ ಆ ಒಂದು ಹೆಸರು ಸಾಕು.

ರಾ.ಚಿಂ. ಢೇರೆ ಮರಾಠಿಯಲ್ಲಿ, ಗುಂಥರ್ ಸೊಂಥೈಮರ್ ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ಈ ದೇವರ ಬಗ್ಗೆ ಬಹಳ ಬರೆದಿದ್ದಾರೆ. ನಮ್ಮ ಶಂ.ಬಾ. ಜೋಶಿಯವರು 1952ರಲ್ಲಿ ಮರಾಠಿಯಲ್ಲೇ ‘ಮರ್‍ಹಾಟಿ ಸಂಸ್ಕೃತಿ’ ಬರೆದು ಮಹಾರಾಷ್ಟ್ರದ ಬುಡದಲ್ಲಿ ಕನ್ನಡವಿದೆ ಎಂದು ವಾದಿಸಿದರು. ಆ ವಾದವನ್ನು ಇಂದು ಕೆಲವರು ಗಡಿಯ ಜಗಳಕ್ಕೆ ಬಳಸುವುದು ನೋಡಿದರೆ ಬೇಸರವಾಗುತ್ತದೆ. ಗುರವ ಕನ್ನಡದ್ದೂ ಅಲ್ಲ, ಮರಾಠಿಯದೂ ಅಲ್ಲ. ಇಬ್ಬರೂ ಒಂದೇ ಕಡೆಯಿಂದ ತಂದು, ಬೇರೆ ಬೇರೆ ಕೆಲಸಕ್ಕೆ ಹಚ್ಚಿದ ಶಬ್ದ.

ಗಡಿಯ ಈಚೆ ಬಂದರೂ ಮರಾಠಿ ಅರ್ಥದ ಗುರವ ಇಲ್ಲದಿಲ್ಲ. ಉತ್ತರ ಕರ್ನಾಟಕದಲ್ಲಿ ಹೂಗಾರ, ಗುರವ, ಜೀರ, ಪೂಜಾರ ಎಂಬ ಹೆಸರುಗಳು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಹೂ, ಪತ್ರೆ ಮನೆಮನೆಗೆ ಮುಟ್ಟಿಸುವುದು, ಹನುಮಪ್ಪನ ಗುಡಿ, ಶಿವನ ಗುಡಿ ನೋಡಿಕೊಳ್ಳುವುದು. ಹೂಗಾರನನ್ನು ಕೆಲವೆಡೆ ಹೂವಾಡಿಗ ಎನ್ನುತ್ತಾರೆ. ಈ ‘ಆಡಿಗ’ ನನಗೆ ಬಹಳ ಇಷ್ಟದ ಪ್ರತ್ಯಯ: ಹಾವಾಡಿಗ, ಹೂವಾಡಿಗ. ತುಳುನಾಡಿನ ದೇವಾಡಿಗರು ದೇವಸ್ಥಾನದ ವಾದ್ಯದವರು, ಪರಿಚಾರಕರು. ಮರಾಠಿ ಗುರವನ ಕೆಲಸಕ್ಕೆ ಬಹಳ ಹತ್ತಿರ. ಆ ಹೆಸರನ್ನು ದೇವರ ಅಡಿಯಲ್ಲಿರುವವನು ಎಂದು ಬಿಡಿಸುವುದು ರೂಢಿ. ನನಗೇನೋ ಅದು ಹಾವಾಡಿಗ, ಹೂವಾಡಿಗರ ಸಾಲಿನದೇ ಎನಿಸುತ್ತದೆ. ಹಾವಿನೊಡನೆ, ಹೂವಿನೊಡನೆ, ದೇವರೊಡನೆ ಒಡನಾಡುವವನು. ಅಡಿಯಲ್ಲಿ ಬಿದ್ದಿರುವುದಕ್ಕೂ ಒಡನಾಡುವುದಕ್ಕೂ ವ್ಯತ್ಯಾಸ ದೊಡ್ಡದು.

ಇದೆಲ್ಲ ಬರಿ ಶಬ್ದಗಳ ಆಟ ಎಂದು ಯಾರಿಗಾದರೂ ಅನಿಸಿದರೆ ಒ‌ಂದು ತೀರ್ಪನ್ನು ನೆನಪಿಸುತ್ತೇನೆ. 2021ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ದೇವಸ್ಥಾನದ ಜಮೀನಿನ ಒಡೆಯ ದೇವರು, ಪೂಜಾರಿ ಆ ಜಮೀನನ್ನು ನೋಡಿಕೊಳ್ಳುವವನು ಮಾತ್ರ, ಕಂದಾಯ ದಾಖಲೆಯಲ್ಲಿ ಅವನ ಹೆಸರು ಇರಬೇಕಾಗಿಲ್ಲ. ದೇವಸ್ಥಾನದ ಆಸ್ತಿಯನ್ನು ಮಾರಿಕೊಳ್ಳುವವರನ್ನು ತಡೆಯಲು ಇದು ಬೇಕಾದ ಮಾತೇ. ಆದರೆ ತಲೆಮಾರುಗಳಿಂದ ಅದೇ ಹೊಲದಲ್ಲಿ ಉತ್ತು, ಅದೇ ಗುಡಿಯಲ್ಲಿ ದೀಪ ಹಚ್ಚಿದ ಮನೆತನವೊಂದು ಕಾಗದದಲ್ಲಿ ಯಾವ ಶಬ್ದದಿಂದ ದಾಖಲಾಗಿದೆ ಎಂಬುದು ಆ ಮನೆಯವರಿಗೆ ಜೀವನ್ಮರಣದ ಪ್ರಶ್ನೆ. ಪೂಜಾರಿಯೋ, ಸೇವಕನೋ, ವತನದಾರನೋ, ಒಕ್ಕಲೋ? ಒಂದೊಂದು ಶಬ್ದದ ಹಿಂದೆಯೂ ಬೇರೆ ಬೇರೆ ಹಕ್ಕು ನಿಂತಿರುತ್ತದೆ.

ನನ್ನ ಅನ್ನ ಬರುವುದು ಇಂಥ ಕಾಗದಗಳಿಂದಲೇ. ಮರಾಠಿಯಿಂದ ಕನ್ನಡಕ್ಕೆ ದಸ್ತಾವೇಜು, ಕರಪತ್ರ, ಒಮ್ಮೊಮ್ಮೆ ಸ್ಥಳಪುರಾಣ. ಹಿಂದೊಮ್ಮೆ ಒಂದು ಊರಿನ ಗುಡಿಯ ಹಳೆಯ ಹಂಚಿಕೆಪತ್ರವೊಂದು ಬಂದಿತ್ತು. ಅದರಲ್ಲಿ ಗುರವನ ಪಾಲು ಇಷ್ಟು, ಅವನ ಸರದಿ ಇಂಥ ತಿಂಗಳು ಎಂದೆಲ್ಲ ಇತ್ತು. ಕೆಲಸ ಕೊಟ್ಟವರು ಗುರವ ಎಂದಿದ್ದಲ್ಲೆಲ್ಲ ‘ದೇವಸ್ಥಾನದ ಆಳು’ ಎಂದು ಹಾಕಿ, ಓದುವವರಿಗೆ ತಿಳಿಯುತ್ತದೆ ಎಂದರು. ನಾನು ಒಪ್ಪಲಿಲ್ಲ. ಆಳಿಗೆ ಕೂಲಿ ಇರುತ್ತದೆ, ಪಾಲು ಇರುವುದಿಲ್ಲ; ಆಳಿಗೆ ಸರದಿಯ ಹಕ್ಕಿಲ್ಲ, ಹೊರಗೆ ಹಾಕಿದರೆ ಹೋಗಬೇಕು. ಗೊರವ ಎಂದು ಬರೆದರೆ ಕನ್ನಡದ ಓದುಗನ ಕಣ್ಣ ಮುಂದೆ ಕರಡಿ ಟೊಪ್ಪಿಗೆ ಬಂದು ನಿಲ್ಲುತ್ತದೆ. ಪೂಜಾರಿ ಎಂದರೆ ಅದೇ ಪತ್ರದಲ್ಲಿ ಬೇರೆಯಾಗಿ ಹೆಸರಿಸಿದ ಬ್ರಾಹ್ಮಣ ಪೂಜಾರಿಯೊಡನೆ ಗೊಂದಲ. ಕೊನೆಗೆ ಗುರವ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ಅರ್ಧ ಸಾಲಿನ ವಿವರಣೆ ಕೊಟ್ಟೆ. ಆ ಅರ್ಧ ಸಾಲಿಗೆ ಅರ್ಧ ದಿನ ಹಿಡಿಯಿತು. ಅನುವಾದಕ್ಕೆ ಪದದ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಎಷ್ಟು ಅಸಂಬದ್ಧ ಎಂದು ಗೊತ್ತಾಗುವುದು ಇಂಥ ದಿನಗಳಲ್ಲಿ.

ತಿರುಗಿ ಹೋಗುವ ದಾರಿ ಇನ್ನೂ ಕಷ್ಟ. ಕೆಲವು ತಿಂಗಳಿಂದ ಅಕ್ಕನ ಒಂದಷ್ಟು ವಚನಗಳನ್ನು ನನ್ನ ಖುಷಿಗೆ ಮರಾಠಿಗೆ ತರುತ್ತಿದ್ದೇನೆ. ಕನಸಿನ ವಚನಕ್ಕೆ ಬಂದಾಗ ಪೆನ್ನು ನಿಂತಿತು. ಗೊರವನಿಗೆ ಗುರವ ಎಂದು ಬರೆಯುವ ಹಾಗಿಲ್ಲ. ಮರಾಠಿ ಓದುಗನಿಗೆ ಗುರವ ಎಂದರೆ ಪಕ್ಕದ ಗುಡಿಯ ಗುರುತಿನ ಮನುಷ್ಯ. ಪತ್ರೆ ಕೊಡಲು ದಿನಾ ಬರುವವನು. ಅವನ ಬೆನ್ನು ಹತ್ತಿ ಯಾರೂ ಕನಸಿನಲ್ಲಿ ಓಡುವುದಿಲ್ಲ. ಸಂನ್ಯಾಸಿ ಎಂದರೆ ಅವನು ಬಾಗಿಲಿಗೆ ಬರುವವನಲ್ಲ. ಜೋಗಿ ಎಂದರೆ ನಾಥಪಂಥದವನಾಗುತ್ತಾನೆ. ಉಳಿದದ್ದು ಗೋಸಾವಿ: ಜಡೆ ಇದೆ, ಜೋಳಿಗೆ ಇದೆ, ಮನೆಬಾಗಿಲಲ್ಲಿ ಕೂಗುವ ದನಿ ಇದೆ. ಅದೂ ಒಂದು ಕಾಲಕ್ಕೆ ಗೋಸ್ವಾಮಿ, ದೊಡ್ಡ ಹೆಸರು. ಈಗ ನಮ್ಮ ಲಿಫ್ಟಿನ ಪಕ್ಕದ ಫಲಕದಲ್ಲಿ ಮೂರನೆಯ ಮಹಡಿ. ಸದ್ಯಕ್ಕೆ ಗೋಸಾವಿ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.